ರಕ್ತದಾನ ಶಿಬಿರದ ದಿನಾಂಕವೂ ನಾನು ಮುಚ್ಚಿದ ಒಂದು ಧ್ವನಿಯೂ

ಮುಂಬಯಿಯ ಒಂದು ರಕ್ತ ಕೇಂದ್ರದಲ್ಲಿ ಶಿಬಿರಗಳನ್ನು ಗೊತ್ತುಮಾಡುವ ಕೆಲಸದಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಇದ್ದೇನೆ. ಹೌಸಿಂಗ್ ಸೊಸೈಟಿಗಳು, ಕಾಲೇಜುಗಳು, ಗಣೇಶೋತ್ಸವ ಮಂಡಳಗಳು, ಸೇವಾ ಕ್ಲಬ್ಬುಗಳು, ಹೀಗೆ ಎಲ್ಲರೊಂದಿಗೆ ಮಾತನಾಡಿ ದಿನಾಂಕ ಹಿಡಿಯುವುದು, ಜಾಗ ನೋಡಿಬರುವುದು, ಟೀಮನ್ನೂ ಗಾಡಿಯನ್ನೂ ಹೊಂದಿಸುವುದು, ಸಂಜೆ ಬ್ಯಾಗುಗಳನ್ನು ಎಣಿಸಿ ಲ್ಯಾಬಿಗೆ ಒಪ್ಪಿಸುವುದು, ಇಷ್ಟು ನನ್ನ ಪಾಲಿನ ಕೆಲಸ. ಕಳೆದ ಮೇ ತಿಂಗಳಲ್ಲಿ, ಕನ್ನಡಿಗರೇ ಹೆಚ್ಚಾಗಿರುವ ಒಂದು ಸೇವಾ ಕ್ಲಬ್ಬಿನ ಆನ್‌ಲೈನ್ ಸಭೆಯಲ್ಲಿ, ಕೊನೆಯ ನಾಲ್ಕು ನಿಮಿಷಗಳ ಆತುರದಲ್ಲಿ ನಾನು ಮಾಡಿದ ತಪ್ಪು ಇಂದಿಗೂ ಚುಚ್ಚುತ್ತದೆ. ಇದೇ ಕೆಲಸದಲ್ಲಿರುವವರಿಗೂ ಕ್ಲಬ್ಬುಗಳ ಪದಾಧಿಕಾರಿಗಳಿಗೂ ಉಪಯೋಗವಾದೀತೆಂದು ಅದನ್ನು ಬರೆಯುತ್ತಿದ್ದೇನೆ.

ಮೇ ತಿಂಗಳೆಂದರೆ ನಮ್ಮ ಕೇಂದ್ರದಲ್ಲಿ ಎಲ್ಲರ ಮುಖವೂ ಬಿಗಿಯಾಗಿರುವ ಕಾಲ. ಕಾಲೇಜುಗಳಿಗೆ ರಜೆ, ಅರ್ಧ ಮುಂಬಯಿ ಊರಿಗೆ ಹೋಗಿರುತ್ತದೆ, ಉಳಿದವರು ಬಿಸಿಲಿಗೆ ಮನೆ ಬಿಟ್ಟು ಬರುವುದಿಲ್ಲ. ಫೆಬ್ರವರಿಯಲ್ಲಿ ಹೆಚ್ಚು ಸಂಗ್ರಹಿಸಿ ಮೇ ತಿಂಗಳಿಗೆ ಇಟ್ಟುಕೊಳ್ಳೋಣವೆಂದರೆ ಅದು ಸಾಧ್ಯವಿಲ್ಲ; ಕೆಂಪು ರಕ್ತಕಣಗಳ ಬ್ಯಾಗಿಗೆ ಹೆಚ್ಚೆಂದರೆ 42 ದಿನಗಳ ಆಯಸ್ಸು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳಿಗೆ ಕೇವಲ 5 ದಿನ. ಆದರೆ ಥಲಸ್ಸೀಮಿಯಾ, ಅಂದರೆ ಶರೀರದಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಹುಟ್ಟುಕಾಯಿಲೆ, ಇರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಬೇಕೇ ಬೇಕು, ಬೇಸಗೆ ರಜೆಯೆಂದು ಅವರ ಶರೀರ ಕಾಯುವುದಿಲ್ಲ. ಆದ್ದರಿಂದ ಮೇ ತಿಂಗಳಲ್ಲಿ ಯಾರಾದರೂ ತಾವಾಗಿಯೇ ಶಿಬಿರ ಮಾಡುತ್ತೇವೆಂದು ಮುಂದೆ ಬಂದರೆ, ಅವರ ಮಾತು ಮುಗಿಯುವ ಮೊದಲೇ ದಿನಾಂಕ ಬರೆದುಕೊಳ್ಳುವ ಅಭ್ಯಾಸ ನನಗೆ ಬಂದುಬಿಟ್ಟಿದೆ. ಈ ಅಭ್ಯಾಸವೇ ಅಂದು ನನ್ನನ್ನು ಎಡವಿಸಿತು.

ಕ್ಲಬ್ಬಿನವರಿಗೂ ಅವರದೇ ಆದ ಆತುರವಿತ್ತು. ಸೇವಾ ಕ್ಲಬ್ಬುಗಳ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ; ಹೊಸ ಅಧ್ಯಕ್ಷರು ಬರುವ ಮೊದಲು ಹಾಲಿ ಅಧ್ಯಕ್ಷರಿಗೆ ಒಪ್ಪಿಕೊಂಡ ಕಾರ್ಯಕ್ರಮಗಳನ್ನು ಪೂರೈಸುವ ಹೊಣೆಯಿರುತ್ತದೆ. ಅದು ಸಹಜವಾದದ್ದು, ಅದರಲ್ಲಿ ದೂರುವಂಥದ್ದೇನೂ ಇಲ್ಲ. ಸದಸ್ಯರು ವಿರಾರದಿಂದ ಪನ್ವೇಲಿನವರೆಗೆ ಹರಡಿಕೊಂಡಿರುವುದರಿಂದ, ಮೊದಲು ಮಾಟುಂಗಾದ ಹಾಲಿನಲ್ಲಿ ನಡೆಯುತ್ತಿದ್ದ ಸಭೆಗಳು ಈಗ ಹೆಚ್ಚಾಗಿ ಫೋನಿನ ಪರದೆಯ ಮೇಲೆ ನಡೆಯುತ್ತವೆ. 1905ರಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಶಿಕಾಗೋದಲ್ಲಿ ಆರಂಭಿಸಿದ ಮೊದಲ ಸೇವಾ ಕ್ಲಬ್ಬಿನ ಸದಸ್ಯರು ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರು, ಅದಕ್ಕೆ ರೋಟರಿ ಎಂಬ ಹೆಸರು ಬಂದದ್ದೂ ಹಾಗೆಯೇ. ಒಬ್ಬರ ಜಾಗಕ್ಕೆ ಹೋದಾಗ ಅವರ ಕೆಲಸದ ಹೊತ್ತು, ಅವರ ಆಳುಗಳ ಅವಸ್ಥೆ, ಅವರ ಅಡಚಣೆ ಎಲ್ಲವೂ ಕೇಳದೆಯೇ ಕಣ್ಣಿಗೆ ಬೀಳುತ್ತವೆ. ಪರದೆಯ ಮೇಲೆ ಅದು ಬೀಳುವುದಿಲ್ಲ. ಬಿದ್ದರೂ ಅದು ಗದ್ದಲವಾಗಿ ಬೀಳುತ್ತದೆ.

ಮಂಗಳವಾರ ರಾತ್ರಿ ಒಂಬತ್ತಕ್ಕೆ ಸಭೆ ಕೂಡಿತು. ಶುಲ್ಕವಿಲ್ಲದ ಖಾತೆಯಾದ್ದರಿಂದ 40 ನಿಮಿಷಕ್ಕೆ ಸಭೆ ತಾನಾಗಿಯೇ ಕಡಿದುಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಪ್ರಾರ್ಥನೆ, ಹಿಂದಿನ ಸಭೆಯ ನಡಾವಳಿ, ಖಜಾಂಚಿಯವರ ಲೆಕ್ಕ, ಜೂನ್ ತಿಂಗಳ ನೋಟ್ ಪುಸ್ತಕ ವಿತರಣೆ, ಇವೆಲ್ಲ ಆಗುವಷ್ಟರಲ್ಲಿ 27 ನಿಮಿಷಗಳು ಕಳೆದಿದ್ದವು. ಕಾರ್ಯದರ್ಶಿಯವರು ನನ್ನನ್ನು ಕೋ-ಹೋಸ್ಟ್, ಅಂದರೆ ಸಭೆಯ ಸಹ-ನಿರ್ವಾಹಕಿ, ಮಾಡಿ, ಶಿಬಿರದ ವಿಷಯವನ್ನು ನೀವೇ ನಡೆಸಿಕೊಡಿ ಎಂದರು. ದಾನಿಗಳ ಪಟ್ಟಿಯಲ್ಲಿ 74 ಹೆಸರುಗಳಿದ್ದವು. ಅದರಲ್ಲಿ 50ಕ್ಕೂ ಹೆಚ್ಚು ಮಂದಿ ಸದಸ್ಯರ ಹೋಟೆಲುಗಳಲ್ಲಿ ಕೆಲಸ ಮಾಡುವ ಹುಡುಗರು. ಭಾನುವಾರ ಬೆಳಿಗ್ಗೆ ಎಂಟರಿಂದ ಹನ್ನೊಂದು ಎಂದು ಅಧ್ಯಕ್ಷರು ಸೂಚಿಸಿದರು. ಭಾನುವಾರಕ್ಕೆ ನನ್ನ ಬಳಿ ಒಂದು ಟೀಮ್ ಖಾಲಿಯಿತ್ತು. ಇಷ್ಟು ಸರಿಯಾಗಿ ಹೊಂದಿಬಂದ ಶಿಬಿರ ಆ ತಿಂಗಳಲ್ಲಿ ಇನ್ನೊಂದಿರಲಿಲ್ಲ.

ನಾನು ಮಾತನಾಡುತ್ತಿದ್ದಾಗ ಒಂದು ಚೌಕದಿಂದ ಜೋರಾದ ಸದ್ದು ಬರತೊಡಗಿತು. ಎಕ್ಸಾಸ್ಟ್ ಫ್ಯಾನಿನ ಗುಂಯ್‌ಗುಡುವಿಕೆ, ಸ್ಟೀಲ್ ತಟ್ಟೆಗಳನ್ನು ಒಂದರ ಮೇಲೊಂದು ಎಸೆಯುವ ಶಬ್ದ, ಯಾರೋ ಆರ್ಡರ್ ಕೂಗುವುದು. ಅದು ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರ ಚೌಕ. ಎಲ್ಲರೂ ಅವರನ್ನು ಅಣ್ಣ ಎಂದು ಕರೆಯುತ್ತಾರೆ. ಎಪ್ಪತ್ತು ದಾಟಿದವರು, ಹುಡುಗನಾಗಿದ್ದಾಗ ಕರಾವಳಿಯಿಂದ ಬಂದು ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಅವರ ಫೋನ್ ಗಲ್ಲಾ ಮೇಜಿನ ಮೇಲೆ ಮಲಗಿತ್ತು, ಪರದೆಯ ಮೇಲೆ ಕಾಣುತ್ತಿದ್ದದ್ದು ತಿರುಗುವ ಸೀಲಿಂಗ್ ಫ್ಯಾನ್ ಮತ್ತು ಅವರ ಗಲ್ಲದ ಒಂದು ಅಂಚು. ನಾನು ಅವರನ್ನು ಮ್ಯೂಟ್ ಮಾಡಿದೆ. ಅರ್ಧ ನಿಮಿಷದಲ್ಲಿ ಸದ್ದು ಮತ್ತೆ ಬಂತು. ಕೈ ತಾಗಿ ಅನ್‌ಮ್ಯೂಟ್ ಆಗಿರಬೇಕೆಂದು ತಿಳಿದು ಮತ್ತೊಮ್ಮೆ ಮ್ಯೂಟ್ ಮಾಡಿದೆ. ಮತ್ತೆ ಬಂತು. ಆಗ ಸಭೆ ಮುಗಿಯಲು ನಾಲ್ಕು ನಿಮಿಷ ಉಳಿದಿರುವ ಸೂಚನೆ ಪರದೆಯ ಮೇಲೆ ಕಾಣಿಸಿತು. ನಾನು ಮ್ಯೂಟ್ ಆಲ್ ಒತ್ತಿ, ಸದಸ್ಯರು ತಾವೇ ಅನ್‌ಮ್ಯೂಟ್ ಮಾಡಿಕೊಳ್ಳಬಹುದು ಎಂಬ ಸಾಲಿನ ಮುಂದಿದ್ದ ಟಿಕ್ಕನ್ನೂ ತೆಗೆದೆ.

ಆ ಟಿಕ್ ತೆಗೆದದ್ದು ಅಚಾತುರ್ಯದಿಂದ ಆದದ್ದಲ್ಲ. ಬೇಕೆಂದೇ ತೆಗೆದೆ.

ಆಮೇಲೆ ನಡೆದದ್ದು ನನಗೆ ಚಿತ್ರದಂತೆ ನೆನಪಿದೆ. ಸೀಲಿಂಗ್ ಫ್ಯಾನ್ ಇದ್ದ ಚೌಕದಲ್ಲಿ ಒಂದು ಅಂಗೈ ಬಂತು. ಅಂಗೈ ಎಷ್ಟು ಹತ್ತಿರವಿತ್ತೆಂದರೆ ಅದರ ಗೆರೆಗಳೂ, ಹೆಬ್ಬೆರಳಿನ ಬುಡದಲ್ಲಿದ್ದ ಹಳೆಯ ಸುಟ್ಟ ಕಲೆಯೂ ಕಾಣುತ್ತಿದ್ದವು. ಅದು ಒಂದೆರಡು ಬಾರಿ ಅಲುಗಿ ದೂರವಾಯಿತು, ಮತ್ತೆ ಬಂತು. ಫೋನನ್ನು ಸರಿಪಡಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಅಧ್ಯಕ್ಷರಿಗೆ ಮಾತನಾಡಲು ಅವಕಾಶವಿತ್ತು, ಅವರು “ಯಾರಿಗಾದರೂ ಆಕ್ಷೇಪ ಇದೆಯೇ?” ಎಂದು ಕೇಳಿದರು. ನಾನೇ ಎಲ್ಲರ ಬಾಯಿ ಮುಚ್ಚಿಸಿದ್ದ ಸಭೆಯಲ್ಲಿ ಯಾರು ಮಾತನಾಡಿಯಾರು? ಐದಾರು ಕ್ಷಣಗಳ ಮೌನ. “ಹಾಗಾದರೆ ಸರ್ವಾನುಮತದಿಂದ ಅಂಗೀಕಾರ” ಎಂದು ಕಾರ್ಯದರ್ಶಿಯವರು ಬರೆದುಕೊಂಡರು. ನಾನು ಡೈರಿಯಲ್ಲಿ ಭಾನುವಾರದ ಚೌಕದೊಳಗೆ, ನಿರೀಕ್ಷಿತ ಬ್ಯಾಗುಗಳ ಲೆಕ್ಕವಾಗಿ, 60 ಎಂದು ಬರೆದು ಅಡಿಗೆರೆ ಎಳೆದೆ. ಅಂಗೈ ಇನ್ನೂ ಪರದೆಯ ಮೇಲಿರುವಾಗಲೇ ಸಭೆ ಕಡಿದುಹೋಯಿತು.

ಭಾನುವಾರ ಬೆಳಿಗ್ಗೆ ಏಳಕ್ಕೇ ಹಾಲಿಗೆ ತಲುಪಿದೆವು. ಎಂಟಕ್ಕೆ ಆರಂಭ, ಎಂಟೂವರೆಯವರೆಗೆ ಕ್ಲಬ್ಬಿನ ಸದಸ್ಯರು ಮತ್ತು ಅವರ ಮನೆಯವರು ಮಾತ್ರ. ಒಂಬತ್ತರ ಸುಮಾರಿಗೆ ಹೋಟೆಲಿನ ಹುಡುಗರು ಗುಂಪಾಗಿ ಬಂದರು, ಕಾರ್ಕಳ, ಬೈಂದೂರು, ಹೆಬ್ರಿ ಕಡೆಯವರು, ಹೆಚ್ಚಿನವರಿಗೆ ಇಪ್ಪತ್ತರ ಆಸುಪಾಸು. ತೂಕ ನೋಡಿದೆವು. ಬೆರಳ ತುದಿಯಿಂದ ತೆಗೆದ ಹನಿಯನ್ನು ನಮ್ಮ ಟೆಕ್ನಿಷಿಯನ್ ತಾಮ್ರದ ಸಲ್ಫೇಟಿನ ನೀಲಿ ದ್ರಾವಣಕ್ಕೆ ಬಿಡುತ್ತಿದ್ದರು, ಹಿಮೋಗ್ಲೋಬಿನ್ ಡೆಸಿಲೀಟರಿಗೆ 12.5 ಗ್ರಾಂ ಇದ್ದರೆ ಹನಿ ಮುಳುಗುತ್ತದೆ, ಕಡಿಮೆಯಿದ್ದರೆ ತೇಲುತ್ತದೆ. ಆ ಹುಡುಗರಲ್ಲಿ ಹೆಚ್ಚಿನವರ ಹನಿ ಬಿಟ್ಟ ಕೂಡಲೇ ಕಲ್ಲಿನಂತೆ ನೇರವಾಗಿ ತಳಕ್ಕೆ ಇಳಿಯಿತು. ನನಗೆ ಸಂತೋಷವಾಯಿತು. ಆ ಸಂತೋಷ ವೈದ್ಯರ ಮೇಜಿನವರೆಗೆ ಮಾತ್ರ ಇತ್ತು.

“ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ?” ಎಂದು ವೈದ್ಯರು ಕೇಳಿದರು. ಮೊದಲ ಹುಡುಗ ಎರಡು ಗಂಟೆ ಎಂದ. ಎದ್ದದ್ದು ಐದಕ್ಕೆ. ಎರಡನೆಯವನೂ ಅದೇ. ಶನಿವಾರ ರಾತ್ರಿಯ ಗಿರಾಕಿ ಮುಗಿದು ಶಟರ್ ಎಳೆಯುವಾಗಲೇ ಹನ್ನೆರಡು ದಾಟಿರುತ್ತದೆ, ಆಮೇಲೆ ಪಾತ್ರೆ, ನೆಲ, ಮರುದಿನದ ರುಬ್ಬುವ ಕೆಲಸ; ಭಾನುವಾರ ಬೆಳಗಿನ ಇಡ್ಲಿಗೆ ಐದಕ್ಕೇ ಒಲೆ ಹಚ್ಚಬೇಕು. ರಾತ್ರಿ ಕೆಲಸ ಮಾಡಿ ಸಾಕಷ್ಟು ನಿದ್ದೆಯಿಲ್ಲದವರಿಂದ ರಕ್ತ ತೆಗೆಯಬಾರದು ಎಂದು 2020ರಲ್ಲಿ ತಿದ್ದುಪಡಿಯಾದ ನಿಯಮಗಳಲ್ಲಿ ಸ್ಪಷ್ಟವಾಗಿಯೇ ಇದೆ, ಅದು ಸರಿಯಾದ ನಿಯಮ. ವೈದ್ಯರು ಒಬ್ಬೊಬ್ಬರ ಫಾರಮ್ಮಿನ ಮೇಲೂ ಡಿಫರ್, ಅಂದರೆ ಸದ್ಯಕ್ಕೆ ಬೇಡ, ಎಂದು ಬರೆಯುತ್ತಾ ಹೋದರು. ಒಬ್ಬ ಹುಡುಗ ಅಂಗಿಯ ತೋಳನ್ನು ಮಡಚಿಕೊಂಡೇ ನಿಂತು, “ನಾನು ಗಟ್ಟಿ ಇದ್ದೇನೆ ಸಾರ್, ತೆಗೆಯಿರಿ, ಏನೂ ಆಗುವುದಿಲ್ಲ” ಎಂದು ಬೇಡಿಕೊಂಡ. ಮಲಗಬೇಕಾದ ಮೂರು ಗಂಟೆಯಲ್ಲಿ ಅರ್ಧ ಗಂಟೆ ಬಿಟ್ಟು, ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ ಹುಡುಗ ಅವನು. ನನಗೆ ಅವನ ಮುಖ ನೋಡಲಾಗಲಿಲ್ಲ.

ಒಟ್ಟು ಬಂದವರು 47 ಮಂದಿ. ನಿದ್ದೆಯ ಕಾರಣಕ್ಕೆ 21 ಮಂದಿ, ತೂಕ ಅಥವಾ ಹಿಮೋಗ್ಲೋಬಿನ್ ಕಾರಣಕ್ಕೆ 5 ಮಂದಿ ಹಿಂದಿರುಗಿದರು. ಕೈಗೆ ಬಂದದ್ದು 21 ಬ್ಯಾಗ್. ಉಳಿದ ಖಾಲಿ ಬ್ಯಾಗುಗಳ ಪೆಟ್ಟಿಗೆಯನ್ನು ಹೇಗೆ ತಂದಿದ್ದೆವೋ ಹಾಗೆಯೇ ಗಾಡಿಗೆ ಏರಿಸಿದೆವು.

ಸೋಮವಾರ ಬೆಳಿಗ್ಗೆ ಓ ಪಾಸಿಟಿವ್ ಇಡುವ ಶೆಲ್ಫಿನ ಮುಂದೆ ನಿಂತು ಲೆಕ್ಕ ಹಾಕಿದಾಗ, ಅಂದು ರಕ್ತ ಏರಿಸಬೇಕಿದ್ದ ಥಲಸ್ಸೀಮಿಯಾ ಮಕ್ಕಳಲ್ಲಿ ಇಬ್ಬರನ್ನು ಎರಡು ದಿನ ಮುಂದೂಡಬೇಕಾಯಿತು. ಫೋನ್ ಮಾಡಿ ತಿಳಿಸುವ ಕೆಲಸವನ್ನು ಬೇರೆಯವರಿಗೆ ಬಿಡದೆ ನಾನೇ ಮಾಡಿದೆ. ಒಬ್ಬ ತಾಯಿ ಸಿಟ್ಟಾಗಲಿಲ್ಲ, “ಅವಳು ನಿನ್ನೆಯಿಂದಲೇ ಸುಸ್ತಾಗಿ ಮಲಗಿದ್ದಾಳೆ, ಬುಧವಾರ ಖಂಡಿತ ಸಿಗುತ್ತದೆಯಲ್ಲ?” ಎಂದಷ್ಟೇ ಕೇಳಿದರು. ಖಂಡಿತ ಎಂದೆ. ಬುಧವಾರದವರೆಗೆ ನನಗೆ ಸರಿಯಾಗಿ ಊಟ ಸೇರಲಿಲ್ಲ.

ಅಣ್ಣನವರಿಗೆ ನಾನು ಕರೆ ಮಾಡಿದ್ದು ಆ ಸೋಮವಾರ ಸಂಜೆಯೇ. ಭಾನುವಾರ ಅವರು ಶಿಬಿರಕ್ಕೆ ಬಂದಿದ್ದರು. ರಕ್ತ ಕೊಡಲು 65ರ ಮಿತಿ ಇರುವುದರಿಂದ ಕೊಡುವಂತಿರಲಿಲ್ಲ, ಹನ್ನೊಂದರವರೆಗೂ ಉಪಾಹಾರದ ಮೇಜಿನ ಬಳಿ ನಿಂತು ಹಿಂದಿರುಗಿದ ಹುಡುಗರಿಗೂ ಬಿಸ್ಕತ್ತು, ಕಾಫಿ ಕೊಟ್ಟು ಬೆನ್ನು ತಟ್ಟಿ ಕಳುಹಿಸುತ್ತಿದ್ದರು. ನನಗೆ ಒಂದು ಮಾತನ್ನೂ ಹೇಳಿರಲಿಲ್ಲ. ಫೋನಿನಲ್ಲಿ ನಾನು ಸಭೆಯ ವಿಷಯ ಎತ್ತಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವತ್ತು ನಾನು ಕೈ ಎತ್ತಿದ್ದೆ ಅಮ್ಮ. ಎರಡು ಸಲ ಬಟನ್ ಒತ್ತಿ ಮಾತಾಡಲು ನೋಡಿದೆ, ಆಮೇಲೆ ಅದು ಒತ್ತಲಿಕ್ಕೇ ಬರಲಿಲ್ಲ. ನನ್ನ ಫೋನೇ ಹಾಳಾಯಿತೋ ಎಂದುಕೊಂಡೆ” ಎಂದರು.

ಅವರ ಫೋನ್ ಹಾಳಾಗಿರಲಿಲ್ಲ ಎಂದು ಹೇಳಿದೆ. ಟಿಕ್ ತೆಗೆದದ್ದು ನಾನು ಎಂದೂ ಹೇಳಿದೆ. ಕ್ಷಮೆ ಕೇಳಿದೆ. ಅವರು ಅದಕ್ಕೆ ಉತ್ತರಿಸದೆ ಹುಡುಗರ ವಾರದ ರಜೆಯ ವಿಷಯಕ್ಕೆ ಬಂದರು. ಪ್ರತಿ ಹೋಟೆಲಿನಲ್ಲೂ ಹುಡುಗರಿಗೆ ಬೇರೆ ಬೇರೆ ದಿನ ರಜೆ. ರಜೆಯ ದಿನ ಅವರು ಹತ್ತು ಹನ್ನೊಂದರವರೆಗೆ ಮಲಗಿ, ಮಧ್ಯಾಹ್ನ ಹೊಟ್ಟೆತುಂಬ ಉಂಡು, ನಾಲ್ಕಕ್ಕೆ ಸುಮ್ಮನೆ ಕೂತಿರುತ್ತಾರೆ. ರಕ್ತ ಕೊಟ್ಟ ದಿನ ಭಾರ ಎತ್ತುವ ಕೆಲಸವೂ ಇರುವುದಿಲ್ಲ. ಒಂದು ದೊಡ್ಡ ಭಾನುವಾರದ ಬದಲು ವಾರದ ನಡುವೆ ಮೂರು ನಾಲ್ಕು ಸಣ್ಣ ಶಿಬಿರ ಮಾಡಬಾರದೇ ಎಂಬುದು ಅವರ ಮಾತು. ಮಂಗಳವಾರ ರಾತ್ರಿ ಹೇಳಬೇಕೆಂದಿದ್ದದ್ದು ಇಷ್ಟೇ, ಒಂದು ನಿಮಿಷದ ಮಾತು. ನಾನು ಗದ್ದಲವೆಂದು ಮುಚ್ಚಿದ ಅಡುಗೆಮನೆಯ ಸದ್ದಿನಲ್ಲೇ ಅದಕ್ಕೆ ಸಾಕ್ಷಿಯೂ ಇತ್ತು: ರಾತ್ರಿ ಒಂಬತ್ತೂವರೆಗೆ, ವಾರದ ನಡುವಿನ ದಿನವೇ ಅಷ್ಟು ಕೆಲಸವಿದ್ದರೆ ಶನಿವಾರ ಎಷ್ಟಿರಬೇಕು ಎಂದು ಯೋಚಿಸಬೇಕಾದವಳು ನಾನು. ಹದಿನಾಲ್ಕು ವರ್ಷಗಳಿಂದ ದಾನಿಗಳಿಗೆ ನಿದ್ದೆಯ ಪ್ರಶ್ನೆ ಕೇಳುವುದನ್ನು ನೋಡಿದವಳು, ಅದೇ ಪ್ರಶ್ನೆಯನ್ನು ದಿನಾಂಕ ಹಿಡಿಯುವಾಗ ಕೇಳಲಿಲ್ಲ.

ಸಣ್ಣ ಶಿಬಿರಗಳಿಗೆ ನಮ್ಮ ಮೇಲಿನವರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಒಂದು ಗಾಡಿ ಹೊರಟರೆ ಇಂತಿಷ್ಟು ಬ್ಯಾಗ್ ಬರಲೇಬೇಕು ಎಂಬ ಲೆಕ್ಕ ಅವರದು. ತಿಂಗಳ ವರದಿಯಲ್ಲಿ ನಿರೀಕ್ಷಿತ ಮತ್ತು ಸಂಗ್ರಹಿತ ಎಂಬ ಎರಡು ಕಾಲಮ್ಮುಗಳಿವೆ, ಆದರೆ ಎಷ್ಟು ಮಂದಿಯನ್ನು ಯಾವ ಕಾರಣಕ್ಕೆ ಹಿಂದಿರುಗಿಸಿದೆವು ಎಂದು ಬರೆಯಲು ಜಾಗವಿಲ್ಲ. ಆ ಕಾಲಮ್ ಇದ್ದಿದ್ದರೆ, ಹೋಟೆಲುಗಳ ಭಾನುವಾರದ ಶಿಬಿರಗಳು ಹಿಂದೆಯೂ ಹೀಗೆಯೇ ಸೋತಿದ್ದವೇ ಎಂಬುದು ನನಗೆ ಮೊದಲೇ ತಿಳಿಯುತ್ತಿತ್ತು. ಈಗ ನಾನೇ ರಿಜಿಸ್ಟರಿನ ಹಿಂಬದಿಯಲ್ಲಿ ಸ್ಕೇಲಿನಿಂದ ಗೆರೆ ಎಳೆದು ಅದನ್ನು ಬರೆಯುತ್ತಿದ್ದೇನೆ. ಸಭೆಗಳಲ್ಲಿ ಆಕ್ಷೇಪವಿದೆಯೇ ಎಂದು ಒಟ್ಟಾಗಿ ಕೇಳಲು ನಾನು ಬಿಡುವುದಿಲ್ಲ. ದಾನಿಗಳನ್ನು ಕಳುಹಿಸುವವರು ಯಾರೋ ಅವರ ಹೆಸರು ಹಿಡಿದು, ಹುಡುಗರು ಹಿಂದಿನ ರಾತ್ರಿ ಎಷ್ಟಕ್ಕೆ ಮಲಗುತ್ತಾರೆ, ಮರುದಿನ ಏನು ಕೆಲಸ ಎಂದು ಕೇಳುತ್ತೇನೆ. ಸಮಯ ಮೀರಿದರೆ ಇನ್ನೊಂದು ಲಿಂಕ್ ಕಳುಹಿಸಿದರಾಯಿತು.

ಜೂನ್ ಮೊದಲ ವಾರ ಅದೇ ಕ್ಲಬ್ಬಿನ ಸಭೆ ಮತ್ತೆ ಪರದೆಯ ಮೇಲೆ ಸೇರಿತು. ಶಿಬಿರದ ವಿಷಯ ಬಂದಾಗ ಮೊದಲು ಅಣ್ಣನವರ ಹೆಸರು ಕರೆದೆ. ಸೀಲಿಂಗ್ ಫ್ಯಾನ್ ತಿರುಗುತ್ತಿತ್ತು, ಅವರು ಬಟನ್ ಹುಡುಕಲು ಹೊತ್ತು ಹಿಡಿಯಿತು, ಯಾರೂ ಮಾತನಾಡಲಿಲ್ಲ. ಆಮೇಲೆ ತಟ್ಟೆಗಳ ಸದ್ದಿನೊಂದಿಗೆ ಅವರ ಧ್ವನಿ ಬಂತು.

“ಕೇಳಿಸ್ತಾ ಉಂಟಾ ಅಮ್ಮ?”

“ಕೇಳಿಸುತ್ತಿದೆ ಅಣ್ಣ, ಹೇಳಿ.”

“ಬುಧವಾರ ನಾಲ್ಕು ಗಂಟೆಗೆ ನಮ್ಮಲ್ಲಿಂದ ಆರು ಮಂದಿ, ಪಕ್ಕದ ಹೋಟೆಲಿನಿಂದ ಐದು. ಅವತ್ತು ತೋಳು ಮಡಚಿ ನಿಂತಿದ್ದನಲ್ಲ, ಆ ಹುಡುಗನಿಗೂ ಬುಧವಾರವೇ ರಜೆ. ಊಟಕ್ಕೆ ಎಷ್ಟು ಗಂಟೆಗೆ ಕೂರಿಸಲಿ?”

ಒಂದೂವರೆಗೆ ಎಂದೆ, ಬರೆದುಕೊಂಡೆ.