ಮುಟ್ಟು ನಿಲ್ಲುವ ವಯಸ್ಸಿನ ಒಂದು ರಾತ್ರಿ, ಮಾರನೆಯ ಹಗಲು

ರಾತ್ರಿ ಎರಡೂವರೆಯ ಹೊತ್ತಿಗೆ ಎಚ್ಚರವಾಗುತ್ತದೆ. ಎದೆಯ ಮೇಲ್ಭಾಗದಿಂದ ಕುತ್ತಿಗೆಗೆ, ಅಲ್ಲಿಂದ ಮುಖಕ್ಕೆ ಬಿಸಿ ಏರುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಬೆನ್ನು ತೊಯ್ದು ನೈಟಿ ಮೈಗೆ ಅಂಟುತ್ತದೆ. ಒಂದರಿಂದ ಐದು ನಿಮಿಷ, ಅಷ್ಟೇ. ಆಮೇಲೆ ಬೆವರು ಆರುತ್ತಿದ್ದಂತೆ ಚಳಿ ಹಿಡಿಯುತ್ತದೆ, ಆಗಷ್ಟೇ ಒದ್ದು ಸರಿಸಿದ ಹೊದಿಕೆಯನ್ನು ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ನಲವತ್ತೈದು ದಾಟಿದ ಎಷ್ಟೋ ಹೆಂಗಸರಿಗೆ ಇದು ದಿನವೂ ನಡೆಯುವ ಪಾಡು. ಬೆಳಿಗ್ಗೆ ಮನೆಯವರಿಗೆ ಕಾಣುವುದು ಇವರ ಸಿಡುಕು ಮತ್ತು ಮರೆವು ಮಾತ್ರ. ಅದಕ್ಕೇ ನಾನು ಹೇಳುವುದು: ಈ ವಯಸ್ಸಿನ ತೊಂದರೆಗಳಲ್ಲಿ ಮೊದಲು ಸರಿಮಾಡಿಕೊಳ್ಳಬೇಕಾದದ್ದು ರಾತ್ರಿಯನ್ನು.

ಆ ಐದು ನಿಮಿಷದಲ್ಲಿ ಏನಾಗುತ್ತದೆಂದು ತಿಳಿದರೆ ಅರ್ಧ ಗಾಬರಿ ಇಳಿಯುತ್ತದೆ. ಮೈಯ ಶಾಖವನ್ನು ಹದದಲ್ಲಿಡುವ ಕೇಂದ್ರ ಮಿದುಳಿನ ಹೈಪೋಥಲಾಮಸ್‌ನಲ್ಲಿದೆ. ಮೈಬಿಸಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಅದು ಸಾಮಾನ್ಯವಾಗಿ ಸುಮ್ಮನಿರುತ್ತದೆ. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಎಂಬ ಹಾರ್ಮೋನು ಕುಸಿದಾಗ ಪಕ್ಕದ ಒಂದು ಗುಂಪು ನರಕೋಶಗಳು ಅತಿಯಾಗಿ ಚುರುಕಾಗಿ, ಆ ಸಹನೆಯ ಅಂತರ ತೀರಾ ಕಿರಿದಾಗುತ್ತದೆ. ಕಂಬಳಿಯೊಳಗಿನ ಚೂರು ಬಿಸಿಯನ್ನೇ ದೊಡ್ಡ ಸೆಕೆ ಎಂದು ತಿಳಿದು ಮಿದುಳು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಹರಿಸುತ್ತದೆ. ಜ್ವರವೂ ಅಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ.

ಹೀಗಾಗಿ ಹಾಸಿಗೆಯಲ್ಲಿ ಮಾಡಬೇಕಾದ ಕೆಲಸ ಒಂದೇ, ಆ ಚೂರು ಬಿಸಿ ಕೂಡಿಕೊಳ್ಳದಂತೆ ನೋಡಿಕೊಳ್ಳುವುದು. ದಪ್ಪ ರಗ್ಗು ತೆಗೆದು ಎರಡು ತೆಳು ಹತ್ತಿ ಹೊದಿಕೆ ಇಟ್ಟುಕೊಳ್ಳಿ, ಒಂದನ್ನು ಸರಿಸಿದರೂ ಇನ್ನೊಂದು ಇರುತ್ತದೆ. ಹಳೆಯ ಕಾಟನ್ ಸೀರೆ ಮಡಿಸಿ ಹೊದ್ದರೆ ಇನ್ನೂ ಒಳ್ಳೆಯದು. ಪಾಲಿಯೆಸ್ಟರ್ ನೈಟಿ ಬೆವರನ್ನು ಹೀರುವುದಿಲ್ಲ, ಫೋಮ್ ಹಾಸಿಗೆಯ ಮೇಲಿನ ಪ್ಲಾಸ್ಟಿಕ್ ಕವರ್ ಬಿಸಿಯನ್ನು ಬೆನ್ನಿನಡಿಯೇ ಹಿಡಿದಿಡುತ್ತದೆ, ಇವೆರಡನ್ನೂ ಮೊದಲು ತೆಗೆಯಬೇಕು. ಒಣ ನೈಟಿ, ಟವೆಲ್, ನೀರಿನ ಬಾಟಲಿ ಕೈಗೆಟಕುವಲ್ಲಿರಲಿ. ಬೀರು ತೆರೆದು ದೀಪ ಹಾಕಿದರೆ ಮಿದುಳು ಪೂರ್ತಿ ಎಚ್ಚರವಾಗಿಬಿಡುತ್ತದೆ. ಬಿಸಿ ಏರಿದಾಗ ನಿಧಾನವಾಗಿ ಉಸಿರೆಳೆದು ಇನ್ನೂ ನಿಧಾನವಾಗಿ ಬಿಡಿ. ಇದರಿಂದ ಬಿಸಿ ನಿಲ್ಲುತ್ತದೆಂದಲ್ಲ, ಎದೆಬಡಿತದ ಜೊತೆ ಬೆಳೆಯುವ ಭಯ ತಗ್ಗುತ್ತದೆ. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದಾಗ ಮರಳುವುದು ಸರಿ. ಮೊಬೈಲ್ ಮುಟ್ಟಬೇಡಿ.

ರಾತ್ರಿ ಬೆವರಿದ್ದೆಲ್ಲ ಮುಟ್ಟು ನಿಲ್ಲುವುದರಿಂದಲೇ ಎಂದು ತೀರ್ಮಾನಿಸುವುದು ಅಪಾಯ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆಯನ್ನೋ ಇನ್ಸುಲಿನ್ ಅನ್ನೋ ತೆಗೆದುಕೊಳ್ಳುವವರು ಬೆವರಿ, ನಡುಗಿ, ಹಸಿದು ಎದ್ದರೆ ತಕ್ಷಣ ಗ್ಲುಕೋಮೀಟರ್‌ನಲ್ಲಿ ನೋಡಬೇಕು. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿದು, ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷಿಸಬೇಕು. ಬೆವರಿನ ಜೊತೆ ಸಂಜೆಜ್ವರ, ವಾರಗಟ್ಟಲೆ ಕೆಮ್ಮು, ತೂಕ ಇಳಿತ ಇದ್ದರೆ ಕ್ಷಯದ ಪರೀಕ್ಷೆ ಆಗಬೇಕು. ಥೈರಾಯ್ಡ್ ಹೆಚ್ಚಾದಾಗಲೂ ಎದೆಬಡಿತ, ಬೆವರು ಇದೇ ರೂಪದಲ್ಲಿ ಬರುತ್ತವೆ, ಒಂದು ಟಿಎಸ್‌ಎಚ್ ಪರೀಕ್ಷೆಯಿಂದ ತಿಳಿಯುತ್ತದೆ. ಬೆವರಿನ ಜೊತೆ ಎದೆ ಹಿಂಡಿದಂತೆ ನೋವು ಬಂದು ತೋಳಿಗೋ ದವಡೆಗೋ ಹರಡಿದರೆ ಬೆಳಗಾಗಲೆಂದು ಕಾಯಬಾರದು, ಆಗಲೇ ಆಸ್ಪತ್ರೆಗೆ ಹೋಗಬೇಕು.

ಬೆಳಿಗ್ಗೆಯ ಅಡುಗೆಮನೆ ಇನ್ನೊಂದು ಪರೀಕ್ಷೆ. ಸುಡುಸುಡು ಕಾಫಿ, ಒಲೆಯ ಝಳ, ಗಡಿಬಿಡಿ ಮೂರೂ ಒಟ್ಟಿಗೆ ಬಂದಾಗ ಬಿಸಿಯ ಅಲೆ ಏಳುವುದು ಹೆಚ್ಚು. ಯಾವುದು ಯಾರಿಗೆ ಕೆರಳಿಸುತ್ತದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು, ಆದ್ದರಿಂದ ಎರಡು ವಾರ ಕ್ಯಾಲೆಂಡರಿನ ಆಯಾ ದಿನದ ಮನೆಯಲ್ಲೇ ಗುರುತು ಹಾಕಿ: ಎಷ್ಟು ಸಲ ಬಂತು, ರಾತ್ರಿ ಎಷ್ಟು ಸಲ ಎದ್ದದ್ದು, ಅದಕ್ಕೆ ಮುಂಚೆ ಏನು ತಿಂದದ್ದು, ಮುಟ್ಟಾದ ದಿನ, ಎಷ್ಟು ಪ್ಯಾಡ್. ವೈದ್ಯರ ಮುಂದೆ ‘ತುಂಬಾ ಆಗುತ್ತೆ ಡಾಕ್ಟ್ರೇ’ ಎನ್ನುವುದಕ್ಕಿಂತ ಈ ಹಾಳೆ ಹೆಚ್ಚು ಕೆಲಸ ಮಾಡುತ್ತದೆ.

ಮಾತ್ರೆಗಳ ಹೊತ್ತಿನಲ್ಲಿ ಒಂದು ಎಡವಟ್ಟು ಬಹಳ ಮನೆಗಳಲ್ಲಿದೆ. ಥೈರಾಯ್ಡ್ ಮಾತ್ರೆ ಬರಿಹೊಟ್ಟೆಯಲ್ಲಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಮುಂಚೆ ಆಗಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ಅದರಿಂದ ನಾಲ್ಕು ಗಂಟೆ ದೂರವಿರಬೇಕು. ಎಲ್ಲವನ್ನೂ ಒಟ್ಟಿಗೆ ನುಂಗಿದರೆ ಥೈರಾಯ್ಡ್ ಔಷಧ ಸರಿಯಾಗಿ ಹೀರಿಕೆಯಾಗದೆ, ಸುಸ್ತು ಉಳಿದೇ ಉಳಿಯುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಊಟದ ಜೊತೆಗೆ, ಒಂದು ಸಲಕ್ಕೆ 500 ಮಿಲಿಗ್ರಾಂ ಮೀರದಂತಿರಲಿ. ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 350, ಎರಡು ಲೋಟ ಹಾಲು ಅಥವಾ ಮೊಸರಿನಲ್ಲಿ ಸುಮಾರು 480 ಸಿಗುತ್ತದೆ. ದಂಟು ಅಥವಾ ಹರಿವೆ ಸೊಪ್ಪಿನ ಸಾರು, ಎಳ್ಳಿನ ಚಟ್ನಿ ಸೇರಿದರೆ ಮಾತ್ರೆಯ ಪಾಲು ಕಡಿಮೆಯಾಗುತ್ತದೆ. ಸೋಯಾ ಮಾತ್ರೆ, ಬ್ಲ್ಯಾಕ್ ಕೊಹೊಶ್ ಎಂಬ ಗಿಡಮೂಲಿಕೆ ಎಂದು ದುಬಾರಿ ಡಬ್ಬಿಗಳು ಬರುತ್ತವೆ. ಉತ್ತರ ಅಮೆರಿಕದ ಮೆನೋಪಾಸ್ ಸೊಸೈಟಿ 2023ರಲ್ಲಿ ಬಿಸಿ ಅಲೆಗೆ ಇವನ್ನು ಶಿಫಾರಸು ಮಾಡಲಿಲ್ಲ. ಆ ದುಡ್ಡನ್ನು ವೈದ್ಯರ ಭೇಟಿಗೆ ಇಟ್ಟುಕೊಳ್ಳಿ.

ವಾರಕ್ಕೆ ಹಲವು ರಾತ್ರಿ ನಿದ್ದೆ ಕೆಡುತ್ತಿದ್ದರೆ ಹೊದಿಕೆ, ಉಸಿರಾಟ ಸಾಲುವುದಿಲ್ಲ, ಔಷಧ ಬೇಕು. ‘ವಯಸ್ಸಿಗೆ ತಕ್ಕದ್ದು, ಸ್ವಲ್ಪ ತಾಳಿಕೊಳ್ಳಿ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಪದೇಪದೇ ಬಿಸಿ ಅಲೆ ಬರುತ್ತಿದ್ದ ಮಹಿಳೆಯರಲ್ಲಿ ಅದು ಉಳಿದ ಮಧ್ಯಮ ಅವಧಿ 7.4 ವರ್ಷ. ಅಷ್ಟು ವರ್ಷ ಯಾರೂ ತಾಳಬೇಕಾಗಿಲ್ಲ.

ಅತ್ಯಂತ ಪರಿಣಾಮಕಾರಿ ಔಷಧ ಹಾರ್ಮೋನೇ, ಅಂದರೆ ಕುಸಿದ ಈಸ್ಟ್ರೋಜನ್ ಅನ್ನು ಹೊರಗಿನಿಂದ ಕೊಡುವುದು. ಅದರ ಬಗ್ಗೆ ಹೆದರಿಕೆ ಹುಟ್ಟಿದ್ದು 2002ರ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದಿಂದ. ಅಲ್ಲಿ ಎರಡು ಹಾರ್ಮೋನು ಸೇರಿದ ಮಾತ್ರೆ ತೆಗೆದುಕೊಂಡವರಲ್ಲಿ, ವರ್ಷಕ್ಕೆ ಹತ್ತು ಸಾವಿರಕ್ಕೆ 30 ಇದ್ದ ಸ್ತನ ಕ್ಯಾನ್ಸರ್ 38 ಆಯಿತು. ಆದರೆ ಆ ಮಹಿಳೆಯರ ಸರಾಸರಿ ವಯಸ್ಸು 63. ಅರವತ್ತರೊಳಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡುವ ಆರೋಗ್ಯವಂತರಿಗೆ ಸಾಮಾನ್ಯವಾಗಿ ಲಾಭವೇ ಹೆಚ್ಚೆಂದು ನಂತರದ ವಿಶ್ಲೇಷಣೆಗಳು ಹೇಳಿದವು. ಸ್ತನ ಕ್ಯಾನ್ಸರ್ ಆದವರು, ಕಾಲು ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದವರು, ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಯಕೃತ್ತಿನ ಕಾಯಿಲೆ ಇರುವವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಇದನ್ನು ತಾವಾಗಿ ಶುರು ಮಾಡಲೇಬಾರದು.

ಇಲ್ಲಿ ತಪ್ಪು ನಡೆಯುವ ಜಾಗ ಒಂದಿದೆ. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡರೆ ಒಳಪದರ ದಪ್ಪವಾಗುತ್ತಾ ಹೋಗಿ ಕ್ಯಾನ್ಸರಿಗೆ ದಾರಿಯಾಗುತ್ತದೆ. ಅದನ್ನು ತಡೆಯುವುದು ಪ್ರೊಜೆಸ್ಟರಾನ್ ಎಂಬ ಎರಡನೇ ಹಾರ್ಮೋನು. ಸಾಮಾನ್ಯವಾಗಿ ದಿನವೂ 100 ಮಿಲಿಗ್ರಾಂ, ಇಲ್ಲವೇ ತಿಂಗಳಲ್ಲಿ ಹನ್ನೆರಡು ದಿನ 200 ಮಿಲಿಗ್ರಾಂ ಬರೆಯುತ್ತಾರೆ. ತಲೆ ಸುತ್ತಿತೆಂದು ಅದನ್ನು ಬಿಟ್ಟು ಈಸ್ಟ್ರೋಜನ್ ಮುಂದುವರಿಸುವವರಿದ್ದಾರೆ, ಹಾಗೆ ಮಾಡಬೇಡಿ. ಮಲಗುವ ಹೊತ್ತಿಗೆ ತೆಗೆದುಕೊಂಡರೆ ಅದೇ ಮಂಪರು ನಿದ್ದೆಗೆ ನೆರವಾಗುತ್ತದೆ. ಈಸ್ಟ್ರೋಜನ್ ಜೆಲ್ ಬರೆದಿದ್ದರೆ ಸ್ನಾನವಾಗಿ ಮೈ ಒಣಗಿದ ಮೇಲೆ ತೋಳಿಗೋ ತೊಡೆಗೋ ತೆಳ್ಳಗೆ ಹರಡಿ. ಸ್ತನಕ್ಕೆ ಹಚ್ಚಬಾರದು. ಐದು ನಿಮಿಷ ಒಣಗಲು ಬಿಡಿ, ಒಂದು ಗಂಟೆ ಆ ಜಾಗ ತೊಳೆಯಬೇಡಿ, ಕೈ ತೊಳೆಯದೆ ಮೊಮ್ಮಗುವನ್ನು ಎತ್ತಿಕೊಳ್ಳಬೇಡಿ. ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಜೆಲ್‌ನಲ್ಲಿ ಕಡಿಮೆ. ಎರಡರಿಂದ ನಾಲ್ಕು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ, ಪೂರ್ಣ ಫಲಕ್ಕೆ ಮೂರು ತಿಂಗಳು ಬೇಕಾಗಬಹುದು. ಎಂಟನೇ ದಿನಕ್ಕೆ ‘ಪ್ರಯೋಜನವಿಲ್ಲ’ ಎಂದು ನಿಲ್ಲಿಸಬೇಡಿ.

ಹಾರ್ಮೋನು ಬೇಡವಾದವರಿಗೆ ವೆನ್ಲಫಾಕ್ಸಿನ್, ರಾತ್ರಿ ಗ್ಯಾಬಾಪೆಂಟಿನ್ ಮುಂತಾದ ಔಷಧಗಳಿವೆ. ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಇದೇ ಬಗೆಯ ಇನ್ನೊಂದು ಔಷಧ ಪ್ಯಾರಾಕ್ಸೆಟಿನ್ ಸಲ್ಲದು, ಅದು ಟಮಾಕ್ಸಿಫೆನ್‌ನ ಬಲ ಕುಗ್ಗಿಸುತ್ತದೆ. ಚುರುಕಾದ ಆ ನರಕೋಶಗಳನ್ನೇ ಶಾಂತಗೊಳಿಸುವ ಫೆಝೊಲಿನೆಟಂಟ್‌ಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕಿತು, ಅದಕ್ಕೆ ಯಕೃತ್ತಿನ ರಕ್ತಪರೀಕ್ಷೆ ಆಗಾಗ ಬೇಕು.

ಹೆಂಗಸರು ಹೇಳಲು ಹಿಂಜರಿಯುವ ತೊಂದರೆಯೊಂದು ಉಳಿಯಿತು: ಯೋನಿ ಒಣಗಿ ಸಂಭೋಗದಲ್ಲಿ ನೋವು, ಮೂತ್ರಕ್ಕೆ ಹೋದಾಗ ಉರಿ, ಮತ್ತೆ ಮತ್ತೆ ಸೋಂಕು. ಬಿಸಿ ಅಲೆ ವರ್ಷಗಳಲ್ಲಿ ತಣಿಯುತ್ತದೆ, ಇದು ಚಿಕಿತ್ಸೆ ಇಲ್ಲದೆ ಹೆಚ್ಚುತ್ತಾ ಹೋಗುತ್ತದೆ. ಎಸ್ಟ್ರಿಯಾಲ್ ಎಂಬ ಈಸ್ಟ್ರೋಜನ್ ಕ್ರೀಮನ್ನು ಮೊದಲ ಎರಡು ವಾರ ದಿನವೂ ರಾತ್ರಿ ಅರ್ಧ ಗ್ರಾಂ, ಆಮೇಲೆ ವಾರಕ್ಕೆ ಎರಡು ಸಲ ಒಳಗೆ ಹಚ್ಚುವುದು ರೂಢಿ. ರಕ್ತಕ್ಕೆ ಸೇರುವುದು ಅತ್ಯಲ್ಪ. ವಾಸಿಯಾಯಿತೆಂದು ನಿಲ್ಲಿಸಿದರೆ ಮರಳುತ್ತದೆ. ಸಂತಾನನಿಯಂತ್ರಣವನ್ನೂ ಬೇಗ ಬಿಡಬಾರದು. ಐವತ್ತರೊಳಗಿನವರಿಗೆ ಕೊನೆಯ ಮುಟ್ಟಿನ ನಂತರ ಎರಡು ವರ್ಷ, ಮೇಲ್ಪಟ್ಟವರಿಗೆ ಒಂದು ವರ್ಷ. ಕಾಂಡೋಮ್ ಬಳಸುವಾಗ ಕೊಬ್ಬರಿ ಎಣ್ಣೆ ಸಲ್ಲದು, ರಬ್ಬರ್ ಹರಿಯುತ್ತದೆ.

ಇನ್ನು ರಕ್ತಸ್ರಾವ. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ಸ್ರಾವ ಎರಡು ಗಂಟೆ ಮುಂದುವರಿದರೆ ಅದು ತುರ್ತು. ಹನ್ನೆರಡು ತಿಂಗಳು ಮುಟ್ಟಿಲ್ಲದೆ ಕಳೆದ ಮೇಲೆ ಒಂದು ಹನಿ ಕಂಡರೂ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಆಗಬೇಕು. ಒಳಪದರ 4 ಮಿಲಿಮೀಟರ್ ದಾಟಿದ್ದರೆ ಬಯಾಪ್ಸಿ. ಆ ವರದಿಗಳಿಲ್ಲದೆ ‘ಗರ್ಭಕೋಶ ತೆಗೆದುಬಿಡೋಣ’ ಎಂದರೆ ಒಪ್ಪಬೇಡಿ, ಇನ್ನೊಬ್ಬ ವೈದ್ಯರನ್ನು ಕೇಳಿ. ಕಲಬುರಗಿ, ಹಾವೇರಿ ಜಿಲ್ಲೆಗಳ ಬಡ ಹೆಂಗಸರ ಮೇಲೆ ನಡೆದ ಅನಗತ್ಯ ಶಸ್ತ್ರಚಿಕಿತ್ಸೆಗಳ ದೂರುಗಳು ನಮ್ಮ ಮುಂದಿವೆ. ಇಂಥವನ್ನು ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಹೇಳಿತು. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರೆ ನಾಳೆಯಿಂದಲೇ ಮುಟ್ಟು ನಿಂತ ಸ್ಥಿತಿ, ಬಿಸಿ ಅಲೆಯೂ ಜೋರು, ಮೂಳೆ ಸವೆತವೂ ಬೇಗ. ಸಹಿ ಹಾಕುವ ಮೊದಲು ಕೇಳಲೇಬೇಕಾದ ಪ್ರಶ್ನೆ ಇದು: ಅಂಡಾಶಯ ಉಳಿಸುತ್ತೀರಾ, ಇಲ್ಲವಾದರೆ ಯಾಕೆ?