ಮನೆ ಪ್ರಾರ್ಥನೆಯ ಕಾರ್ಡುಗಳು: ಇಲ್ಲಿಯವರೆಗೆ ಆದದ್ದು

ಸೆಪ್ಟೆಂಬರ್

ಈ ಕೆಲಸಕ್ಕೆ ಕೈಹಾಕಿದ್ದು ಯಾಜಕಕಾಂಡದ, ಅಂದರೆ ಬೈಬಲಿನ ನಿಯಮಗಳ ಪುಸ್ತಕದ, ದೆಸೆಯಿಂದ. ಸಂಡೇ ಸ್ಕೂಲಿನ ಪಾಠಕ್ಕೆಂದು ಮನೆಯ ದೊಡ್ಡ ಸತ್ಯವೇದ ಇಳಿಸಿ ಆ ಪುಟಗಳಿಗೆ ಹೋದರೆ ನಡುವೆ ಮಡಚಿದ ಕಾಗದ. ಬಿಚ್ಚಿ ನೋಡಿದೆ. ಮಗಳ ಗಣಿತದ ಉತ್ತರಪತ್ರಿಕೆ, 25ಕ್ಕೆ 7.

ಕರೆದು ಕೇಳಿದೆ. ಒಂಬತ್ತನೇ ಇಯತ್ತೆ ಹುಡುಗಿ, ಮುಖ ಗಂಟಿಕ್ಕಿಕೊಂಡೇ ಹೇಳಿದಳು: "ಕೀರ್ತನೆಯಾಗ ಇಟ್ಟಿದ್ರ ಅಜ್ಜಿಗೆ ಸಿಗತಿತ್ತು, ಮತ್ತಾಯದಾಗ ಇಟ್ಟಿದ್ರ ನಿನಗ ಸಿಗತಿತ್ತು. ಇಲ್ಲಿ ಯಾರೂ ಬರೂದಿಲ್ಲ ಅಂತ ಇಟ್ಟೆ." ನಗು ತಡೆಯಲಾಗಲಿಲ್ಲ. ಆಮೇಲೆ ಅಂದ ಮಾತು ನಗಿಸಲಿಲ್ಲ. "ಆ ಪುಸ್ತಕ ಕೆಳಗ ಇಳೀತಂದ್ರ ಬೈಗಳ ಶುರು ಆಗತಾವಲ್ಲಪ್ಪಾ."

ನಮ್ಮಪ್ಪನ ಕಾಲಕ್ಕೆ ಬೆತ್ತ ಮತ್ತು ಸತ್ಯವೇದ ಒಂದೇ ಹಲಗೆಯ ಮೇಲೆ ಇರುತ್ತಿದ್ದವು. "ಬೆತ್ತ ಹಿಡಿಯದ ತಂದೆ ಮಗನಿಗೆ ಶತ್ರು", ಜ್ಞಾನೋಕ್ತಿ 13:24, ಅವರಿಗೆ ಬಾಯಿಪಾಠ. ನಾನು ಬೆತ್ತ ಬಿಟ್ಟೆ, ಪುಸ್ತಕವನ್ನೇ ಬೆತ್ತ ಮಾಡಿಕೊಂಡೆ. ಅಷ್ಟೇ ಫರಕು.

ಗದಗಿನ ಪಕ್ಕದ ಬೆಟಗೇರಿಯಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ. ಕಾಗದ, ಕಟಿಂಗ್ ಮಷೀನು, ಪ್ರಿಂಟರು ಕೈಯಲ್ಲೇ ಇವೆ. ಸಂಜೆ ಮನೆ ಪ್ರಾರ್ಥನೆಗೆ ಒಂದೊಂದು ಕಾರ್ಡು ಮಾಡೋಣ ಅನ್ನಿಸಿತು. ವಾರಕ್ಕೊಂದು, ಒಟ್ಟು 36. ಮುಂದೆ ಒಂದು ಚಿತ್ರ ಮತ್ತು ಅಧ್ಯಾಯ, ವಚನದ ಅಂಕಿ. ಹಿಂದೆ ಒಂದು ಪ್ರಶ್ನೆ. ವಾಕ್ಯವನ್ನೇ ಛಾಪಿಸಲಿಲ್ಲ. ಕಾರ್ಡಿನಲ್ಲೇ ವಾಕ್ಯ ಸಿಕ್ಕರೆ ಪುಸ್ತಕ ಯಾರು ತೆರೆಯುತ್ತಾರೆ?

ಅಕ್ಟೋಬರ್

ಮೊದಲ ಕಾರ್ಡು 23ನೇ ಕೀರ್ತನೆ. ಎಲ್ಲರಿಗೂ ಬರುತ್ತದೆ, ಸುಲಭವಾಗುತ್ತದೆ ಅಂದುಕೊಂಡಿದ್ದೆ. ಪಕ್ಕದ ಮನೆಯ ಐದನೇ ಇಯತ್ತೆ ಹುಡುಗ ಗಟ್ಟಿಯಾಗಿ ಓದಿದ: "ಯೆಹೋವನು ನನಗೆ ಕುರುಬನು, ಕೊರತೆ ಪಡೆದೆನು." ಓದಿ ಮುಗಿಸಿ, "ದೇವರು ಇದ್ದ ಮ್ಯಾಲೂ ಯಾಕ ಕೊರತಿ ಆತ್ರಿ?" ಅಂದ. ಪುಸ್ತಕದಲ್ಲಿರುವುದು "ಕೊರತೆಪಡೆನು", ಅಂದರೆ ಕೊರತೆಯೇ ಇರುವುದಿಲ್ಲ. ಒಂದು "ದೆ" ಸೇರಿಸಿದ್ದಕ್ಕೆ ಇಡೀ ಕೀರ್ತನೆ ತಲೆಕೆಳಗು. ಅವನದೇನು ತಪ್ಪು, ಈಗ ಹಾಗೆ ಯಾರು ಮಾತಾಡುತ್ತಾರೆ! "ಊಟ ಒಲ್ಲೆ ಅಂತಿಯಲ್ಲ, ಅದೇ ಜಾತಿ ಮಾತು ಇದು" ಅಂದ ಕೂಡಲೇ ಅವನಿಗೆ ಹತ್ತಿತು.

ಹಳೆಗಾಲದ ಕನ್ನಡವನ್ನು ನಾನು ದೂರುವುದಿಲ್ಲ. ಪೂರ್ತಿ ಬೈಬಲ್ ಕನ್ನಡದಲ್ಲಿ ಮೊದಲು ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ನಮ್ಮ ಬೆಟಗೇರಿಗೆ 1841ರಲ್ಲಿ ಬಂದರು. ಅಂದಿನಿಂದ ಈ ಮಾತುಗಳು ಇಲ್ಲಿನ ಮನೆಗಳಲ್ಲಿ ಇವೆ. ನನ್ನ ಅವ್ವ ನಿದ್ದೆಗಣ್ಣಲ್ಲೂ ಆ ಕನ್ನಡದಲ್ಲೇ ಪ್ರಾರ್ಥಿಸುತ್ತಾಳೆ. ಕಾರ್ಡಿನ ಕೆಳಗೆ ಕಠಿಣ ಪದಕ್ಕೆ ಒಂದು ಸಾಲಿನ ಅರ್ಥ ಸೇರಿಸಿದೆ, ಸಾಕು.

ತಾಂತ್ರಿಕ ಗೋಳು: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ತಂದಾಗ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂತವು. ಕೀರ್ತನೆಯ ಕಾರ್ಡಿನಲ್ಲಿ "ಕೀರ್ತನೆ"ಯೇ ತಪ್ಪು! ಛಾಪಿಸಿದ 60 ಪ್ರತಿ ರದ್ದಿಗೆ.

ನವೆಂಬರ್

ಹಟ ಹಿಡಿದು ಯಾಜಕಕಾಂಡಕ್ಕೇ ಒಂದು ಕಾರ್ಡು ಮಾಡಿದೆ. 19ನೇ ಅಧ್ಯಾಯ, 9 ಮತ್ತು 10ನೇ ವಚನ. ಪೈರು ಕೊಯ್ಯುವಾಗ ಹೊಲದ ಮೂಲೆಯವರೆಗೂ ಕೊಯ್ಯಬೇಡ, ಹಕ್ಕಲಾಯಬೇಡ (ಕೊಯ್ದ ಮೇಲೆ ಉದುರಿ ಉಳಿದದ್ದನ್ನು ಆರಿಸಬೇಡ), ಬಡವರಿಗೂ ಪರದೇಶಿಗೂ ಬಿಡು ಅನ್ನುವ ಆಜ್ಞೆ. ಸತ್ಯವೇದದ ಕಥೆಯ ಬಡ ವಿಧವೆ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದು ಅತ್ತೆಯನ್ನು ಸಾಕಿದ್ದು ಇದೇ ಆಜ್ಞೆಯ ಬಲದಿಂದ.

ಆ ವಾರ ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆ. ಓದು ಬಾರದವರು, ಮೊಮ್ಮಗಳು ಓದಿದಳು. "ಹಕ್ಕಲು" ಅನ್ನುವ ಮಾತು ಕಿವಿಗೆ ಬಿದ್ದದ್ದೇ ಅಜ್ಜಿ ಎದ್ದು ಕೂತರು. "ಇದು ದೇವರ ಪುಸ್ತಕದಾಗ ಐತೇನ?" ಗಂಡ ಸತ್ತ ವರ್ಷ ಶೇಂಗಾ ಹಕ್ಕಲು ಆರಿಸಿಯೇ ಮೂರು ಮಕ್ಕಳ ಹೊಟ್ಟೆ ತುಂಬಿಸಿದರಂತೆ. ಕೆಲವು ಹೊಲದವರು ಓಡಿಸುತ್ತಿದ್ದರು. ಒಬ್ಬ ಗೌಡರು ಮಾತ್ರ ಆಳುಗಳಿಗೆ "ಪೂರಾ ಕೆದರಬ್ಯಾಡ್ರೋ, ಹಿಂದ ಬರಾವ್ರು ಅದಾರ" ಅನ್ನುತ್ತಿದ್ದರಂತೆ. ಮೊಮ್ಮಗಳಿಗೆ ಈ ಕಥೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಪ್ರಾರ್ಥನೆ ಒಂದೂವರೆ ತಾಸು ನಡೆಯಿತು, ಅದರಲ್ಲಿ ಮುಕ್ಕಾಲು ಪಾಲು ಶೇಂಗಾ.

ನಮ್ಮ ಚರ್ಚಿನ ಸಭಾಪಾಲಕರಿಗೆ ಇದನ್ನು ಹೇಳಿದೆ. ಹೀಬ್ರೂ ಓದಿದವರು. ನಮ್ಮ ಸತ್ಯವೇದ "ಧರ್ಮಶಾಸ್ತ್ರ" ಅನ್ನುವ ಕಡೆ ಮೂಲದಲ್ಲಿರುವ ಮಾತು ತೋರಾ, ಅದಕ್ಕೆ ಕಲಿಸುವುದು, ದಾರಿ ತೋರಿಸುವುದು ಅನ್ನುವ ಅರ್ಥವಿದೆ ಅಂದರು. ಶಾಸ್ತ್ರ ಅಂದೊಡನೆ ನನಗೆ ಕೋರ್ಟು ನೆನಪಾಗುತ್ತಿತ್ತು. ಈಗ ಆ ಗೌಡರ ಮಾತು ನೆನಪಾಗುತ್ತದೆ.

ಡಿಸೆಂಬರ್

ಕ್ರಿಸ್ಮಸ್ ಪತ್ರಿಕೆಗಳ ಗದ್ದಲ. ಎರಡೇ ಕಾರ್ಡು ಆದವು.

ಜನವರಿ

14 ಮನೆಗಳಲ್ಲಿ ಕಾರ್ಡು ನಡೆಯುತ್ತಿವೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಒಂದು ಮನೆಯಲ್ಲಿ ಅಪ್ಪ ಅದೇ ಕಾರ್ಡನ್ನು ಮಗನ ಮುಖಕ್ಕೆ ಹಿಡಿದು, "ನೋಡು, ಏನ್ ಬರದೈತಿ, ಓದು ಜೋರಾಗಿ" ಅಂದದ್ದನ್ನು ಕಣ್ಣಾರೆ ಕಂಡೆ. ತಾಯಿತಂದೆಗಳನ್ನು ಸನ್ಮಾನಿಸು ಅನ್ನುವ ಕಾರ್ಡು. ಹುಡುಗ ಓದಿ, ಕಾರ್ಡು ಇಟ್ಟು, ಎದ್ದು ಹೋದ. ನನ್ನ ಪ್ರಶ್ನೆಯೂ ಹಾಗೇ ಇತ್ತು: "ನೀವು ಹೆತ್ತವರ ಮಾತು ಕೇಳುತ್ತೀರಾ?" ಇದು ಪ್ರಶ್ನೆಯಲ್ಲ, ವಿಚಾರಣೆ.

ಮನೆಗೆ ಬಂದು ಆವರೆಗಿನ 15 ಕಾರ್ಡುಗಳ ಹಿಂಭಾಗವನ್ನೂ ಮತ್ತೆ ಬರೆದೆ. ಈಗ ಪ್ರಶ್ನೆ ದೊಡ್ಡವರಿಗೆ, ಅವರೇ ಮೊದಲು ಉತ್ತರಿಸಬೇಕು. ಆ ಕಾರ್ಡಿನ ಜೊತೆಗೆ ಸತ್ಯವೇದದ ಎಫೆಸ ಪತ್ರದ 6:4 ಸೇರಿಸಿದೆ. ಅಲ್ಲಿ ತಂದೆಗಳಿಗೂ ಮಾತಿದೆ: ಮಕ್ಕಳಿಗೆ ಸಿಟ್ಟು ಬರಿಸಬೇಡಿ. ನಮ್ಮಪ್ಪ ಎಂದೂ ಅಲ್ಲಿಯವರೆಗೆ ಓದಲಿಲ್ಲ, ಮಕ್ಕಳಿಗೆ ಹೇಳಿದ ಮಾತು ಮುಗಿಯುವ ಮೂರನೇ ವಚನಕ್ಕೇ ಪುಸ್ತಕ ಮುಚ್ಚುತ್ತಿದ್ದರು. ಹೊಸ ಪ್ರಶ್ನೆ: "ಮಕ್ಕಳ ಮೇಲೆ ಸುಮ್ಮನೆ ರೇಗಿದ್ದು ಯಾವಾಗ?" ನಮ್ಮ ಮನೆಯಲ್ಲಿ ನಾನೇ ಮೊದಲು ಹೇಳಬೇಕಾಯಿತು. ಮಗಳು ತಾರೀಖು ಸಮೇತ ತಿದ್ದಿದಳು.

ಫೆಬ್ರವರಿ

ಜೋಳದ ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವ ಕಾಲ. ಮುಂಡರಗಿ ರಸ್ತೆಯಲ್ಲಿ ಒಂದು ಹಿಂಡು ಕಂಡು ಗಾಡಿ ನಿಲ್ಲಿಸಿದೆ. ಮಗಳೂ ಇದ್ದಳು. ಕಂಬಳಿ ಹೊದ್ದ ಹಿರಿಯರು, ಕೈಯಲ್ಲಿ ಉದ್ದನೆ ಕೋಲು. ಕೋಲು ಯಾಕೆ ಎಂದು ಕೇಳಿದೆ.

"ಜಾಲಿ ಕೊಂಬಿ ಬಗ್ಗಿಸಾಕ್ರಿ, ಮರಿಗೆ ಮ್ಯಾಲಿನ ಸೊಪ್ಪು ನಿಲಕೂದಿಲ್ಲ. ರಾತ್ರಿ ತ್ವಾಳ ಬಂದ್ರ ಅದಕ್ಕ ಬೇಕು."

"ಕುರಿಗೆ ಹೊಡೆಯಲ್ಲೇನ್ ಯಜಮಾನ್ರ?"

"ಹೊಡದ್ರ ಓಡಿಹೋಗತಾವ. ಹತ್ತಿ ಹೊಲಕ್ಕ ನುಗ್ಗಿದ್ರ ನೆಲಕ್ಕ ಬಡೀತೀವಿ. ಸಪ್ಪಳಕ್ಕ ತಿರಗತಾವ." ಸ್ವಲ್ಪ ತಡೆದು ಸೇರಿಸಿದರು: "ಸಿಟ್ಟು ಬಂದಾಗ ಒಂದೊಂದು ಹೊಡದದ್ದೂ ಐತಿ. ಸುಳ್ಳ ಯಾಕ ಹೇಳ್ಲಿ."

ಆ ಕೊನೆಯ ಮಾತಿಗೇ ನಾನು ಅವರಿಗೆ ಅಡ್ಡಬೀಳಬೇಕಿತ್ತು. ಸಭಾಪಾಲಕರನ್ನು ಮತ್ತೆ ಹಿಡಿದೆ. ಜ್ಞಾನೋಕ್ತಿಯ ಬೆತ್ತಕ್ಕೂ 23ನೇ ಕೀರ್ತನೆಯಲ್ಲಿ ಧೈರ್ಯ ಕೊಡುವ ದೊಣ್ಣೆಗೂ ಹೀಬ್ರೂವಿನಲ್ಲಿ ಒಂದೇ ಪದವಂತೆ, ಶೇವೆಟ್. ಹಾಗಂತ ಜ್ಞಾನೋಕ್ತಿಯಲ್ಲಿ ಶಿಕ್ಷೆಯ ಮಾತೇ ಇಲ್ಲ ಅಂತ ಅಲ್ಲ, ಇದೆ. ಅದನ್ನು ಮುಚ್ಚಿಟ್ಟು ಕಾರ್ಡು ಮಾಡುವುದು ನನಗೆ ಸರಿಬರಲಿಲ್ಲ. ಎರಡೂ ವಚನದ ಅಂಕಿಗಳನ್ನು ಒಂದೇ ಕಾರ್ಡಿನಲ್ಲಿ ಹಾಕಿ, ಜಾಲಿ ಕೊಂಬೆ ಬಗ್ಗಿಸುವ ಕೋಲಿನ ಚಿತ್ರ ಬಿಡಿಸಿದೆ. ಚಿತ್ರದ ಕುರಿ ನಾಯಿಯ ಹಾಗೆ ಕಾಣುತ್ತದೆ ಅನ್ನುವುದು ಮನೆಯವರ ಅಭಿಪ್ರಾಯ. ತಿದ್ದಲು ಬಿಡುವಿಲ್ಲ.

ಮಾರ್ಚ್

ಲೆಕ್ಕ: 22 ಕಾರ್ಡು ಆಗಿವೆ, 14 ಉಳಿದಿವೆ. ಮೂರು ಮನೆಯವರು ಬಿಟ್ಟರು, ಇಬ್ಬರು ಹೊಸಬರು ಸೇರಿದರು. ಎದ್ದು ಹೋಗಿದ್ದ ಆ ಹುಡುಗ ಈಗ ಕೂರುತ್ತಾನಂತೆ, ಮಾತಾಡುವುದಿಲ್ಲವಂತೆ. ಲ್ಯಾಮಿನೇಷನ್ ಬೇಸಿಗೆಗೆ ಸುರುಳಿ ಸುತ್ತಿಕೊಳ್ಳುತ್ತಿದೆ, ಮುಂದಿನ ಕಂತನ್ನು 300 ಜಿಎಸ್‌ಎಂನ ದಪ್ಪ ಬೋರ್ಡಿನಲ್ಲಿ ಹಾಗೇ ಬಿಡುತ್ತೇನೆ.

23ನೆಯದು ಮಗಳೇ ಆರಿಸಿದ್ದು: 88ನೇ ಕೀರ್ತನೆ. ಹೆಚ್ಚಿನ ಮೊರೆಯ ಕೀರ್ತನೆಗಳಂತೆ ಇದು ಕೊನೆಗೆ ಸಮಾಧಾನಕ್ಕೆ ತಿರುಗುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. "ಇದನ್ನ ಯಾಕವ್ವಾ?" ಅಂದೆ. "ಇಷ್ಟು ಬೇಜಾರಾದವ ಬರದದ್ದನ್ನೂ ಪುಸ್ತಕದಾಗ ಇಟ್ಟಾರಲ್ಲ, ಕಿತ್ತ ಹಾಕಿಲ್ಲಲ್ಲ" ಅಂದಳು. ಹಿಂಭಾಗಕ್ಕೆ ಏನು ಪ್ರಶ್ನೆ ಬರೆಯಲಿ ಎಂದು ಕೇಳಿದ್ದಕ್ಕೆ, ಏನೂ ಬೇಡ, ಖಾಲಿ ಬಿಡು ಅಂದಳು. ಖಾಲಿ ಬಿಟ್ಟೇ ನಾಳೆ ಛಾಪಿಸುತ್ತೇನೆ.