ಸಕ್ಕರೆ ಹಾಕದ ಕಾಫಿ ಕುಡಿದರೂ ಶುಗರ್ ಏರುವುದೇಕೆ?

ಮುಂಬೈನ ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ಬೆಳಿಗ್ಗೆ ಹೊತ್ತು ‘ಶುಗರ್‌ಲೆಸ್ ಕಾಫಿ’ ಹೇಳಿ, ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ಎರಡು ಸಿಹಿ ಗುಳಿಗೆ ಉದುರಿಸಿಕೊಳ್ಳುವವರು ಬಹಳ. ಜೊತೆಗೊಂದು ಮಸಾಲೆ ದೋಸೆ. ಎರಡು ಗಂಟೆ ಬಿಟ್ಟು ಶುಗರ್ ನೋಡುವ ಮೀಟರ್ 220 ತೋರಿಸಿದರೆ ಬೈಗುಳ ಗುಳಿಗೆಗೆ. ಆದರೆ ಆ ಏರಿಕೆ ಬಂದದ್ದು ದೋಸೆಯ ಅಕ್ಕಿಯಿಂದ, ಆಲೂಗಡ್ಡೆಯಿಂದ.

ಇಂಥ ಗುಳಿಗೆ, ಪುಡಿಗಳಲ್ಲಿ ಬಳಸುವ ಸುಕ್ರಲೋಸ್ ಎಂಬ ಕೃತಕ ಸಿಹಿಕಾರಕ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಒಂದು ಚಮಚ, ಅಂದರೆ 5 ಗ್ರಾಂ ಸಕ್ಕರೆಯ ಸಿಹಿಗೆ 8 ಮಿಲಿಗ್ರಾಂ ಸಾಕು. ಅದು ಗ್ಲೂಕೋಸ್ ಆಗಿ ಬದಲಾಗುವುದೂ ಇಲ್ಲ. ತೊಡಕಿರುವುದು ಪುಡಿಯ ಪೊಟ್ಟಣದಲ್ಲಿ. 8 ಮಿಲಿಗ್ರಾಂ ಕಣ್ಣಿಗೆ ಕಾಣುವಷ್ಟೂ ಇರುವುದಿಲ್ಲವಾದ್ದರಿಂದ ತೂಕಕ್ಕೆಂದು ಅನೇಕ ಪೊಟ್ಟಣಗಳಲ್ಲಿ ಡೆಕ್ಸ್‌ಟ್ರೋಸ್ ಅಥವಾ ಮಾಲ್ಟೋಡೆಕ್ಸ್‌ಟ್ರಿನ್ ಸುಮಾರು ಒಂದು ಗ್ರಾಂ ಸೇರಿಸಿರುತ್ತಾರೆ. ಡೆಕ್ಸ್‌ಟ್ರೋಸ್ ಎಂದರೆ ಗ್ಲೂಕೋಸೇ, ಮಾಲ್ಟೋಡೆಕ್ಸ್‌ಟ್ರಿನ್ ಬೇಗ ಗ್ಲೂಕೋಸ್ ಆಗುವ ಪಿಷ್ಟದ ಪುಡಿ. ಒಂದೆರಡರಿಂದ ಏನೂ ಆಗದು. ದಿನಕ್ಕೆ ಆರು ಕಪ್ಪು, ಕಪ್ಪಿಗೆ ಎರಡು ಪೊಟ್ಟಣ ಎಂದರೆ 12 ಗ್ರಾಂ. ಅದಕ್ಕಿಂತ ಸಿಹಿಕಾರಕದ ಡ್ರಾಪ್ಸ್ ವಾಸಿ. ಇನ್ನು ಆಸ್ಪರ್ಟೇಮ್ ಎಂಬ ಇನ್ನೊಂದು ಸಿಹಿಕಾರಕ ಕುದಿಸಿದರೆ ಒಡೆದು ಸಿಹಿ ಕಳೆದುಕೊಳ್ಳುತ್ತದೆ. ಪಾಯಸಕ್ಕೆ ಒಲೆ ಆರಿಸಿದ ಮೇಲೆ, ಸ್ವಲ್ಪ ಆರಿದಾಗ ಹಾಕಿ.

ಗಣಪತಿ ಹಬ್ಬದಲ್ಲಿ ಮುಂಬೈ ಅಂಗಡಿಗಳಲ್ಲಿ ಬರುವ ಶುಗರ್-ಫ್ರೀ ಖೋವಾ ಮೋದಕವನ್ನು ಮಾತ್ರ ಎಚ್ಚರದಿಂದ ನೋಡಬೇಕು. ಒಂದು ಲೀಟರ್ ಹಾಲಿನಲ್ಲಿ ಸುಮಾರು 45ರಿಂದ 50 ಗ್ರಾಂ ಹಾಲಿನ ಸಕ್ಕರೆ ಇರುತ್ತದೆ. ಇಂಗಿಸುವಾಗ ಆರುವುದು ನೀರು, ಆ ಸಕ್ಕರೆ ಖೋವಾದಲ್ಲೇ ಉಳಿಯುತ್ತದೆ. ಉಕಡೀಚೆ ಮೋದಕಕ್ಕೆ, ಅಂದರೆ ಹಬೆಯಲ್ಲಿ ಬೇಯಿಸಿದ ಮೋದಕಕ್ಕೆ, ಬೆಲ್ಲದ ಬದಲು ಏನೇ ತುಂಬಿದರೂ ಹೊದಿಕೆ ಅಕ್ಕಿಹಿಟ್ಟಿನದೇ. ಚಾಕೊಲೇಟ್, ಬಿಸ್ಕತ್ತುಗಳಲ್ಲಿ ಮಾಲ್ಟಿಟಾಲ್ ಎಂಬ ಸಿಹಿಕಾರಕ ಇದ್ದರೆ ಅದು ಶುಗರನ್ನು ಸಕ್ಕರೆಗಿಂತ ಕಡಿಮೆ ಏರಿಸುತ್ತದೆ, ಆದರೆ ಏರಿಸುತ್ತದೆ. ಹೆಚ್ಚು ತಿಂದರೆ ಹೊಟ್ಟೆ ಉಬ್ಬರ, ಭೇದಿ ಬೇರೆ.

ಹಾಗೆಂದು ಸಿಹಿಕಾರಕ ಪೂರ್ತಿ ನಿರಪರಾಧಿಯೂ ಅಲ್ಲ. 2022ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 120 ಆರೋಗ್ಯವಂತರ ಮೇಲೆ ನಡೆಸಿದ ಪ್ರಯೋಗದಲ್ಲಿ, ಎರಡು ವಾರ ಸ್ಯಾಕರಿನ್ (ಇದೂ ಕೃತಕ ಸಿಹಿಕಾರಕ) ಅಥವಾ ಸುಕ್ರಲೋಸ್ ತೆಗೆದುಕೊಂಡ ಗುಂಪುಗಳಲ್ಲಿ ಗ್ಲೂಕೋಸ್ ನಿಭಾಯಿಸುವ ಶಕ್ತಿ ಕುಗ್ಗಿತು. ಆಸ್ಪರ್ಟೇಮ್, ಸ್ಟೀವಿಯಾ ಗುಂಪುಗಳಲ್ಲಿ ಹಾಗಾಗಲಿಲ್ಲ. ಕರುಳಿನ ಸೂಕ್ಷ್ಮಜೀವಿಗಳು ಬದಲಾದದ್ದು ಇದಕ್ಕೆ ಕಾರಣವೆಂದು ಅವರು ತೋರಿಸಿದರು. ಪರಿಣಾಮ ಒಬ್ಬರಿಂದ ಒಬ್ಬರಿಗೆ ಬೇರೆಯಾಗಿತ್ತು.

ಆದ್ದರಿಂದ ನಿಮ್ಮ ಮೈ ಏನು ಹೇಳುತ್ತದೆಂದು ನೀವೇ ನೋಡಿಕೊಳ್ಳುವುದು ಒಳ್ಳೆಯದು. ಮೊದಲು ಮೂರು ದಿನ ಏನೂ ಸಿಹಿಯಿಲ್ಲದ ಚಹಾ, ದಿನವೂ ಅದೇ ಎರಡು ಇಡ್ಲಿ ಸಾಂಬಾರು, ಅದೇ ಹೊತ್ತು, ಅದೇ ನಡಿಗೆ. ತಿನ್ನುವ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ಬರೆದಿಡಿ. ಆಮೇಲೆ ಎರಡು ವಾರ ಗುಳಿಗೆ ಹಾಕಿ ಕುಡಿದು, ಕೊನೆಯ ಮೂರು ದಿನ ಅದೇ ತಿಂಡಿ, ಅದೇ ಪರೀಕ್ಷೆ. ಹೋಲಿಕೆ ಸಕ್ಕರೆ ಚಹಾದೊಂದಿಗಲ್ಲ, ಸಪ್ಪೆ ಚಹಾದೊಂದಿಗೆ ಇರಬೇಕು. ಸಕ್ಕರೆಯ ಪಕ್ಕದಲ್ಲಿಟ್ಟರೆ ಯಾವುದೂ ಒಳ್ಳೆಯದಾಗಿಯೇ ಕಾಣುತ್ತದೆ. ಬೆರಳು ಸೋಪಿನಲ್ಲಿ ತೊಳೆದು ಒಣಗಿಸಿ, ಮಾವಿನ ರಸ ಅಂಟಿದ ಬೆರಳು ಸುಳ್ಳು ಅಂಕಿ ಕೊಡುತ್ತದೆ. ಮನೆಯ ಮೀಟರಿನಲ್ಲೇ 15 ಶೇಕಡಾ ಹೆಚ್ಚುಕಡಿಮೆ ಇರುತ್ತದಾದ್ದರಿಂದ ಹತ್ತು ಅಂಕದ ವ್ಯತ್ಯಾಸಕ್ಕೆ ಅರ್ಥವಿಲ್ಲ. ಈ ದಿನಗಳಲ್ಲಿ ಮಾತ್ರೆ, ಇನ್ಸುಲಿನ್ ನೀವಾಗಿ ಬದಲಿಸಬೇಡಿ.

ಇನ್ನೊಂದು ಮಾತು, ಜೀವಕ್ಕೆ ಸಂಬಂಧಿಸಿದ್ದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಬೆವರು, ನಡುಕ ಬಂದು ಶುಗರ್ 70ಕ್ಕಿಂತ ಇಳಿದಾಗ ಡಯಟ್ ಕೋಲಾ ಕೊಟ್ಟು ಪ್ರಯೋಜನವಿಲ್ಲ. ನೀರಿಗೆ ಮೂರು ಚಮಚ ನಿಜವಾದ ಸಕ್ಕರೆ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಜೊತೆಗೆ ವೋಗ್ಲಿಬೋಸ್ ಎಂಬ ಶುಗರ್ ಮಾತ್ರೆಯೂ ಇರುವವರಿಗೆ ಸಕ್ಕರೆ ನೀರೂ ಬೇಗ ಹತ್ತದು, ಏಕೆಂದರೆ ಸಕ್ಕರೆ ಒಡೆಯುವ ಕಿಣ್ವವನ್ನೇ ಆ ಮಾತ್ರೆ ತಡೆದಿರುತ್ತದೆ. ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಡೊಂಬಿವಲಿಯಿಂದ ಮುಂಬೈಗೆ ಲೋಕಲ್ ರೈಲಿನಲ್ಲಿ ನಿಂತೇ ಬರುವವರು ಅದರದೊಂದು ಪೊಟ್ಟಣವನ್ನು ಬ್ಯಾಗಿನಲ್ಲಲ್ಲ, ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಿ. ಆ ನೂಕುನುಗ್ಗಲಿನಲ್ಲಿ ಬ್ಯಾಗಿಗೆ ಕೈ ಹೋಗುವುದಿಲ್ಲ.